ಗಿಟಾರಿನ ಶ್ರುತಿ ಪಾತಾಳಕ್ಕೆ ಇಳಿಸಿದ ಬಗ್ಗೆ ಸಮಜಾಯಿಷಿ

ಇಂದ,
ಪ್ಯೋ ಸಾಂಗ್‌ದೋ,
904ನೇ ಮನೆ, ಎರಡನೇ ಕಟ್ಟಡ
(ಇದೇ ಕಟ್ಟಡದ ಕೆಳಗಿನ ಲಾಂಡ್ರಿ ಅಂಗಡಿಯವನು, ತಮ್ಮ ಕೋಟಿನ ಮೇಲಿನ ಸೋಯಾ ಕಲೆ ತೆಗೆದವನು),
ಸೋಲ್‌ಬಾತ್ ಅಪಾರ್ಟ್‌ಮೆಂಟ್, ಬುಪ್ಯೊಂಗ್, ಇಂಚೊನ್.

ಗೆ,
ಶ್ರೀ ತಾಕ್ ಮಾನ್‌ಸು ಅವರು,
ಮಾನ್ಯ ಅಧ್ಯಕ್ಷರು, ನಿವಾಸಿಗಳ ಪ್ರತಿನಿಧಿ ಸಂಘ,
ಹಾಗೂ ಶಬ್ದ, ಕಂಪನ ಮತ್ತು ಕಸ ವಿಂಗಡಣೆ ಉಪಸಮಿತಿಯ ಏಕೈಕ ಸದಸ್ಯರು.

ವಿಷಯ: 904ನೇ ಮನೆಯಲ್ಲಿ ವಿದ್ಯುತ್ ಗಿಟಾರಿನ ಶ್ರುತಿಯನ್ನು ಮನುಷ್ಯಮಾತ್ರರು ಇಳಿಸಬಾರದಷ್ಟು ಕೆಳಕ್ಕೆ ಇಳಿಸಿದ್ದೇಕೆ ಎಂದು ತಾವು ಕೇಳಿದ ವಿವರಣೆ ಸಲ್ಲಿಸುತ್ತಿರುವ ಬಗ್ಗೆ.

ಉಲ್ಲೇಖ: 1. ಲಿಫ್ಟಿನ ಕನ್ನಡಿಯ ಮೇಲೆ, ಎಲ್ಲರೂ ತಲೆ ಬಾಚಿಕೊಳ್ಳುವ ಎತ್ತರಕ್ಕೆ ಸರಿಯಾಗಿ, ತಾವು ಅಂಟಿಸಿದ ನೋಟೀಸು.
2. ಅದನ್ನೇ ಪ್ರತಿ ಮನೆಯ ಗೋಡೆಯಲ್ಲಿರುವ ಸಂಘದ ಧ್ವನಿವರ್ಧಕದಲ್ಲಿ, ಜನ ಊಟಕ್ಕೆ ಕುಳಿತ ಹೊತ್ತು ನೋಡಿ, ಓದಿಸಿದ ಪ್ರಕಟಣೆ.
3. ತಮ್ಮ ಎರಡನೇ ನೋಟೀಸು. ಇದರ ಒಕ್ಕಣೆಯನ್ನು ಇಲ್ಲೇ ಎತ್ತಿ ಬರೆಯಲು ಅರ್ಜಿದಾರನ ಕೈ ಓಡದ ಕಾರಣ ಅದು ಅದರ ಜಾಗದಲ್ಲಿ ಬರುತ್ತದೆ.

ಮಾನ್ಯರೇ,

ಉಲ್ಲೇಖಿತ ನೋಟೀಸುಗಳನ್ನು ಅರ್ಜಿದಾರನು ಓದಿಕೊಂಡಿದ್ದಾನೆ, ಕೇಳಿಸಿಕೊಂಡಿದ್ದಾನೆ, ಲಿಫ್ಟಿನಲ್ಲಿ ಜೊತೆಗಿದ್ದವರ ಮುಖದ ಮೇಲೂ ನೋಡಿದ್ದಾನೆ. ಕಾರಣ, ಈ ಕೆಳಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತಾನೆ.

1. ಅರ್ಜಿದಾರನು ಹುಟ್ಟಾ ಲಾಂಡ್ರಿಯವನಲ್ಲ. ಈ ಊರಿನಲ್ಲಿ ಹಿಂದೆ ಗಿಟಾರ್ ಕಾರ್ಖಾನೆಯೊಂದಿತ್ತು. ಅಲ್ಲಿ ಅವನು ಗಿಟಾರಿನ ಕತ್ತು ಉಜ್ಜುವ ವಿಭಾಗದಲ್ಲಿದ್ದ. ಒಂದು ಬೆಳಗ್ಗೆ ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಯಂತ್ರಗಳು ಹಡಗು ಹತ್ತಿ ಬೇರೆ ದೇಶಕ್ಕೆ ಹೋಗಿದ್ದವು. ಮರದ ಕತ್ತು ಉಜ್ಜಿದ ಕೈ ಅಂಗಿಯ ಕತ್ತುಪಟ್ಟಿ ಉಜ್ಜಲು ಬಂತು. ಎರಡಕ್ಕೂ ಕತ್ತೆಂದೇ ಹೆಸರಾದ್ದರಿಂದ ಅರ್ಜಿದಾರನು ಇದನ್ನು ವೃತ್ತಿ ಬದಲಾವಣೆ ಎಂದು ಪರಿಗಣಿಸಿಲ್ಲ.

2. ಅದೇ ಕಾಲದಿಂದ ಅರ್ಜಿದಾರನು, ಅವನ ಹೆಂಡತಿ ಯೊಮ್ ಹೇರಿಮ್ ಮತ್ತು ಡ್ರಮ್ ಬಾರಿಸುವ ಮಾ ದೋಂಗ್‌ಹೂನ್ ಎಂಬವನು ಸೇರಿ ‘ಕಪ್ಪು ಜಾಡಿ’ ಎಂಬ ತಂಡ ನಡೆಸುತ್ತಿದ್ದಾರೆ. ಸಂಗೀತ ಭಾರವಾದದ್ದು. ತಾವು ಅದನ್ನು ನೋಟೀಸಿನಲ್ಲಿ ‘ಅಗೆತ’ ಎಂದು ಕರೆದಿದ್ದೀರಿ. ತಂಡಕ್ಕೆ ಇಷ್ಟು ಒಳ್ಳೆಯ ವಿಮರ್ಶೆ ಈವರೆಗೆ ಬಂದಿರಲಿಲ್ಲ. ಹಾಡುವವಳು ಹೇರಿಮ್. ಅವಳ ದನಿ ಮೇಲಕ್ಕೆ ಏರಿದರೆ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಬಿಯರ್ ಲೋಟ ಹಿಡಿದವರು ಇನ್ನೊಂದು ಕೈಯಿಂದ ಲೋಟದ ಬಾಯಿ ಮುಚ್ಚುತ್ತಿದ್ದರು. ಹಗಲು ಹೊತ್ತು ಅದೇ ದನಿಗೆ ಸಕ್ಕರೆ ಬೆರೆಸಿ, ಟೀವಿಯಲ್ಲಿ ಸಾಮಾನು ಮಾರುವ ಕಂಪನಿಯೊಂದರ ಫೋನಿನಲ್ಲಿ, “ನಮಸ್ಕಾರ ಗ್ರಾಹಕರೇ” ಎನ್ನುತ್ತಿದ್ದಳು.

3. ಹೋದ ವರ್ಷ ಅವಳ ಗಂಟಲಿನ ಗ್ರಂಥಿಯಲ್ಲಿ ಗಡ್ಡೆ ಕಂಡಿತು. ತೆಗೆದರು. ಶಸ್ತ್ರಚಿಕಿತ್ಸೆ ಪೂರ್ತಿ ಸಫಲ ಎಂದರು. ಆದರೆ ದನಿಯನ್ನು ಮೇಲಕ್ಕೆ ಎಳೆಯುವ ಒಂದು ನರ ಹತ್ತಿರದಲ್ಲೇ ಇತ್ತಂತೆ, ಅದು ಸೋತುಹೋಯಿತು. ಎಚ್ಚರವಾದಾಗ ಅವಳು ಆಡಿದ ಮೊದಲ ಮಾತು “ನೀರು” ಎಂಬುದು. ಪಕ್ಕದ ಹಾಸಿಗೆಯವರು ಯಾರೋ ಗಂಡಸು ವಾರ್ಡಿನೊಳಗೆ ಬಂದನೆಂದು ಪರದೆ ಎಳೆದುಕೊಂಡರು. ಔಷಧಿಯ ಪಥ್ಯಕ್ಕಾಗಿ ಕಡಲಪಾಚಿ ಮುಟ್ಟಬಾರದು ಎಂದದ್ದರಿಂದ ಆ ವರ್ಷ ಅವಳ ಹುಟ್ಟುಹಬ್ಬಕ್ಕೆ ಎಲ್ಲರ ಮನೆಯಲ್ಲೂ ತಪ್ಪದೆ ಮಾಡುವ ಪಾಚಿ ಸಾರೂ ಇರಲಿಲ್ಲ, ಹಾಡೂ ಇರಲಿಲ್ಲ.

4. ಕೆಲಸಕ್ಕೆ ಮರಳಿದ ವಾರದಲ್ಲೇ ಗ್ರಾಹಕರೊಬ್ಬರು ಫೋನಿನಲ್ಲಿ ರೇಗಿದರು: “ಏನ್ರೀ, ಹೆಂಗಸರ ಒಳಉಡುಪಿನ ಅಳತೆ ಕೇಳೋಕೆ ನಿಮಗೆ ನಾಚಿಕೆ ಆಗಲ್ವಾ? ಫೋನು ಮೇಡಮ್ಮಿಗೆ ಕೊಡಿ!”

ಮೇಲ್ವಿಚಾರಕರು ಅವಳನ್ನು ಒಳಗೆ ಕರೆದು ಬಾರ್ಲಿ ಚಹಾ ಕೊಟ್ಟರು. “ಹೇರಿಮ್ ಅವರೇ, ನಿಮ್ಮ ಅನುಭವ ದೊಡ್ಡದು. ಅದಕ್ಕೇ ನಿಮ್ಮನ್ನ ಮಾತಾಡದೇ ಇರೋ ವಿಭಾಗಕ್ಕೆ ಕಳಿಸ್ತಿದೀವಿ. ಮನೇಲೇ ಕೂತು ಟೈಪ್ ಮಾಡಿದ್ರೆ ಸಾಕು. ಎಷ್ಟು ಆರಾಮ ನೋಡಿ!”

ಅವಳು ಆರಾಮವಾಗಿ ಮನೆಗೆ ಬಂದಳು. ಬಂದವಳು ಮಾತು ನಿಲ್ಲಿಸಿದಳು. ಕೋಳಿ ತರಿಸಲು ಫೋನ್ ಮಾಡಿದರೆ ಆ ಕಡೆಯವರು “ಸರ್, ವಿಳಾಸ ಹೇಳಿ ಸರ್” ಎನ್ನುತ್ತಾರೆಂದು ಫೋನನ್ನು ಅರ್ಜಿದಾರನ ಕೈಗೆ ಕೊಡುತ್ತಿದ್ದಳು. ತಲೆ ಆಡಿಸಿ, ಕಣ್ಣು ಅರಳಿಸಿ, ಸೌಟು ತೋರಿಸಿ ಸಂಸಾರ ನಡೆಸಿದಳು. ಆ ಅವಧಿಯಲ್ಲಿ 904ನೇ ಮನೆಯಿಂದ ಯಾವುದೇ ಶಬ್ದ ಹೊರಬಾರದ್ದನ್ನು ಗಮನಿಸಿ ಸಂಘವು ಮೆಚ್ಚುಗೆಯ ನೋಟೀಸು ಅಂಟಿಸಬಹುದಿತ್ತು. ಅಂಟಿಸಲಿಲ್ಲ. ಅರ್ಜಿದಾರನಿಗೆ ಈ ಬಗ್ಗೆ ದೂರಿಲ್ಲ.

5. ಬೇಸಿಗೆಯಲ್ಲಿ ಡ್ರಮ್ಮಿನ ದೋಂಗ್‌ಹೂನ್ ಅರ್ಜಿದಾರನನ್ನು ಹಂದಿಮಾಂಸ ಸುಡುವ ಅಂಗಡಿಗೆ ಕರೆದೊಯ್ದ. ಸೋಜು ಮದ್ಯ ಬಗ್ಗಿಸಿದ. ಮಾಂಸವನ್ನು ಕತ್ತರಿಯಿಂದ ಬಹಳ ಸಣ್ಣಗೆ ಕತ್ತರಿಸಿದ. ಅವನು ಹಾಗೆ ಕತ್ತರಿಸಿದರೆ ಏನೋ ಕೆಟ್ಟ ಸುದ್ದಿಯೆಂದೇ ಅರ್ಥ.

“ಅಣ್ಣಾ, ಬೇಜಾರು ಮಾಡ್ಕೋಬೇಡ. ಈ ಶರತ್ಕಾಲದ ಕಚೇರಿಗೆ ಕ್ಲಬ್ಬಿನವ್ರು ಕೇಳ್ತಿದಾರೆ. ಒಬ್ಬಳು ಹುಡುಗಿ ಇದಾಳೆ. ಚೆನ್ನಾಗಿ ಕಿರಚ್ತಾಳೆ.”

“ನಿಮ್ಮ ಅತ್ತಿಗೆಗೆ ನೀನೇ ಹೇಳ್ತೀಯಾ?”

“ನಾನಾ? ನಂಗಿನ್ನೂ ಮದುವೆ ಆಗಿಲ್ಲಣ್ಣ. ಇಷ್ಟು ಬೇಗ ಸಾಯಲ್ಲ.”

“ಹಾಗಾದ್ರೆ ಯಾರೂ ಹೇಳೋದು ಬೇಡ. ದನಿ ಮೇಲಕ್ಕೆ ಹೋಗಲ್ಲ ಅಷ್ಟೇ ತಾನೆ? ಗಿಟಾರು ಕೆಳಗೆ ಬರುತ್ತೆ.”

“ಎಷ್ಟು ಕೆಳಗೆ?”

“ಅವಳು ಎಲ್ಲಿದಾಳೋ ಅಲ್ಲಿಗೆ.”

ಸೋಜು ಒಳಗೆ ಹೋದಾಗ ಈ ಮಾತು ಬಹಳ ಸುಲಭವಾಗಿ ಕೇಳಿಸಿತೆಂಬುದನ್ನು ಇಲ್ಲಿ ನಮೂದಿಸಲಾಗಿದೆ.

6. ಸದರಿ ಕಾಮಗಾರಿಯ ತಾಂತ್ರಿಕ ವಿವರ ತಮ್ಮ ಉಪಸಮಿತಿಯ ಉಪಯೋಗಕ್ಕಾಗಿ:

(ಅ) ಮೊದಲು ಅರ್ಜಿದಾರನು ಗಿಟಾರಿನ ಕಿವಿ ತಿರುಗಿಸಿ ಇದ್ದ ತಂತಿಗಳನ್ನೇ ಸಡಿಲ ಮಾಡಿದ. ಅವು ಬಟ್ಟೆ ಒಣಗಿಸುವ ಹಗ್ಗದಂತೆ ಜೋತುಬಿದ್ದು, ಮೀಟಿದರೆ ಕತ್ತಿನ ಮೇಲಿನ ಲೋಹದ ಮೆಟ್ಟುಗಳಿಗೆಲ್ಲ ಬಡಿದು, ತಟ್ಟೆ ಬುಟ್ಟಿ ಮೆಟ್ಟಿಲ ಮೇಲಿಂದ ಉರುಳಿದ ಸದ್ದು ಬಂತು. ತಾವು ಮೊದಲ ನೋಟೀಸು ಬರೆದದ್ದು ಈ ಹಂತದಲ್ಲಿ. ತಾವು ಹೇಳಿದ್ದು ಸರಿ. ಅದು ಕೆಟ್ಟದಾಗಿತ್ತು.

(ಆ) ಆದ್ದರಿಂದ ದಪ್ಪ ತಂತಿ ತಂದ. ದಪ್ಪ ತಂತಿ ಕತ್ತಿನ ತುದಿಯ ಎಲುಬಿನ ಪಟ್ಟಿಯ ಕಚ್ಚಿನಲ್ಲಿ ಕೂರಲಿಲ್ಲ; ಅರದಿಂದ ಕಚ್ಚು ಅಗಲಿಸಿದ. ಸ್ವಲ್ಪ ಹೆಚ್ಚು ಉಜ್ಜಿದರೆ ತಂತಿ ಝೇಂಕರಿಸುತ್ತದೆ, ಕಡಿಮೆ ಉಜ್ಜಿದರೆ ಸಿಕ್ಕಿಕೊಳ್ಳುತ್ತದೆ. ಒಂದು ಪಟ್ಟಿ ಹಾಳಾಯಿತು, ಎರಡನೆಯದು ಕೂತಿತು.

(ಇ) ಎಳೆತ ಬದಲಾದ ಕಾರಣ ಕತ್ತು ಬಾಗಿತು. ಕತ್ತಿನೊಳಗೆ ಒಂದು ಕಬ್ಬಿಣದ ಸರಳಿರುತ್ತದೆ. ಅದನ್ನು ಚೂರು ತಿರುಗಿಸಿ, ಮರ ಅಭ್ಯಾಸ ಮಾಡಿಕೊಳ್ಳಲಿ ಎಂದು ಒಂದು ದಿನ ಬಿಟ್ಟು, ಮತ್ತೆ ಚೂರು ತಿರುಗಿಸಬೇಕು. ಅವಸರ ಮಾಡುವವರಿಗೆ ಈ ಕೆಲಸ ಹೇಳಿದ್ದಲ್ಲ. ಸಂಘದ ಸಭೆಗಳಲ್ಲಿ ಕುಳಿತು ಅರ್ಜಿದಾರನಿಗೆ ತಾಳ್ಮೆಯ ತರಬೇತಿ ಆಗಿತ್ತು.

(ಈ) ಇಷ್ಟಾದರೂ ತಂತಿಯನ್ನು ಒತ್ತದೆ ಮೀಟಿದರೆ ಸ್ವರ ನಿಜ ಹೇಳುತ್ತಿತ್ತು, ನಡುವಿನ ಮೆಟ್ಟಿನಲ್ಲಿ ಒತ್ತಿದರೆ ಸುಳ್ಳು ಹೇಳುತ್ತಿತ್ತು. ಇದಕ್ಕೆ ತಂತಿಯ ಬುಡದಲ್ಲಿರುವ ಕುದುರೆಯನ್ನು ಹಿಂದಕ್ಕೆ ಸರಿಸಬೇಕು. ಸರಿಸಿದ. ತಿರುಪು ಮುಗಿಯಿತು, ಸುಳ್ಳು ಮುಗಿಯಲಿಲ್ಲ. ಕುದುರೆಯನ್ನು ತಿರುವುಮುರುವು ಕೂರಿಸಿ, ಅದರ ಹಿಂದಿನ ಸ್ಪ್ರಿಂಗ್ ಕತ್ತರಿಸಿ ಇನ್ನಷ್ಟು ಜಾಗ ಮಾಡಿದ. (ಸದರಿ ಕುದುರೆ ಉಗುರಿನಷ್ಟು ದೊಡ್ಡ ಲೋಹದ ತುಂಡಾಗಿದ್ದು, ಸಂಘದ ಸಾಕುಪ್ರಾಣಿ ನಿಯಮಗಳು ಇದಕ್ಕೆ ಅನ್ವಯಿಸುವುದಿಲ್ಲ.)

(ಉ) ತಂತಿಯ ಕೆಳಗಿನ ಆಯಸ್ಕಾಂತ ದಪ್ಪ ತಂತಿಯನ್ನು ಎಳೆದು ಸ್ವರ ತೊದಲಿಸುತ್ತಿದ್ದರಿಂದ ಅದನ್ನೂ ತಗ್ಗಿಸಲಾಯಿತು.

7. ಇಷ್ಟೆಲ್ಲ ನಡೆಯುವಾಗ ಹೇರಿಮ್ ಸೋಫಾದ ಮೇಲೆ ಕಾಲು ಮಡಿಚಿ ಕುಳಿತು ನೋಡುತ್ತಿದ್ದಳು. ಒಂದು ಸಂಜೆ, ಬಹಳ ದಿನಗಳ ಮೇಲೆ, ಪೂರ್ತಿ ವಾಕ್ಯವೊಂದನ್ನು ಆಡಿದಳು.

“ಯಾರಿಗೋಸ್ಕರ ಇದು?”

“ತಂಡಕ್ಕೆ,” ಎಂದ ಅರ್ಜಿದಾರ.

“ನನ್ನ ದನಿ ಹಳ್ಳಕ್ಕೆ ಬಿತ್ತು ಅಂತ ನೀನೂ ಹಳ್ಳ ತೋಡ್ತಿದೀಯಾ? ಅಲ್ಲಿಗೆ ಬಂದು ನನ್ನ ಕೈ ಹಿಡ್ಕೊಂಡು ಅಳೋಕಾ?”

“ಹಾಗಲ್ಲ…”

“ಹಾಗೇ. ನಂಗೆ ಕನಿಕರ ಬೇಡ ಮಾರಾಯ. ಯಾವಳಾದ್ರೂ ಕಿರುಚೋ ಹುಡುಗೀನ ಕರ್ಕೊಳಿ. ದೋಂಗ್‌ಹೂನ್ ಮುಖ ನೋಡಿದ್ರೇ ಗೊತ್ತಾಯ್ತು ನಂಗೆ, ಅವನು ಮಾಂಸ ಚೂರು ಚೂರು ಮಾಡಿರ್ತಾನೆ ಅಂತ.”

ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಜಿದಾರನು ಗಿಟಾರನ್ನು ಗೋಡೆಗೆ ಒರಗಿಸಿಟ್ಟ. ಆ ನಂತರ ಅದನ್ನು ಮುಟ್ಟಲಿಲ್ಲ. ಈ ದಿನಾಂಕದಿಂದ ಮುಂದೆ ತಮ್ಮ ಮನೆಯ ಪಿಂಗಾಣಿ ಅಲುಗಿದ್ದರೆ ಅದಕ್ಕೆ ಅರ್ಜಿದಾರನು ಹೊಣೆಯಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕಾಗಿ ಕೋರಿದೆ.

8. ಆದರೆ ಪಿಂಗಾಣಿ ಅಲುಗಿತು. ತಾವು ಫೋನಿನಲ್ಲಿ ಶಬ್ದ ಅಳೆಯುವ ಯಂತ್ರ ಹಾಕಿಸಿಕೊಂಡು ಖುದ್ದು ಅರ್ಜಿದಾರನ ಅಂಗಡಿಗೆ ಬಂದಿರಿ. “ಯಂತ್ರ ಹಸಿರೇ ತೋರಿಸ್ತಿದೆ, ಆದ್ರೆ ನನ್ನ ಕಟ್ಟಿಸಿದ ಹಲ್ಲು ಅಲ್ಲಾಡ್ತಿದೆ,” ಎಂದಿರಿ. ಮೇಲಿನ ಮನೆಯ ಮಗು ಬೆಳಗಿನಿಂದ ಸಂಜೆಯವರೆಗೆ ಓಡುವುದು, ಪಕ್ಕದ ಕಟ್ಟಡದಲ್ಲಿ ದೇವಾಲಯದ ಗಂಟೆಗಿಂತ ಜೋರಾದ ಟೀವಿ, ಹಾಗೂ ಭಾನುವಾರ ತಾವೇ ಕಿಟಕಿ ತೆರೆದಿಟ್ಟು ಮೈಕಿನಲ್ಲಿ ಹಾಡುವ ಹಳೆಯ ಪ್ರೇಮಗೀತೆಗಳು ಇವುಗಳಿಂದ ಅಲುಗದ ಹಲ್ಲು ಇದು. ಆದರೂ ಅರ್ಜಿದಾರನು ನಿಜವನ್ನೇ ಹೇಳಿದ: “ಅಧ್ಯಕ್ಷರೇ, ನಾನು ಗಿಟಾರು ಮುಟ್ಟಿ ಎಷ್ಟೋ ದಿನ ಆಯ್ತು.”

ಆಗ ತಾವು ಅತ್ತಿತ್ತ ನೋಡಿ, ಇಸ್ತ್ರಿ ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿದಿರಿ.

“ಹಾಗಾದ್ರೆ… ಹೆಂಗೆ ಹೇಳೋದು ನಿಮಗೆ… ಮಧ್ಯಾಹ್ನ ನಿಮ್ಮನೇಲಿ ಗಂಡಸಿನ ದನಿ ಕೇಳುತ್ತೆ. ಹಾಡ್ತಾನೆ. ಇಡೀ ಕಟ್ಟಡಕ್ಕೆ ಗೊತ್ತು. ನೀವು ದಿನಾ ಇಲ್ಲಿ ಅಂಗಿ ಒತ್ತುತಾ ಕೂತಿರ್ತೀರಿ ಪಾಪ.”

ಅದಕ್ಕೆ ಮೊದಲೇ ಅರ್ಜಿದಾರನು ಗ್ರಾಹಕರಲ್ಲಿ ಏನೋ ಬದಲಾವಣೆ ಕಂಡಿದ್ದ. ಮೂರನೇ ಮಹಡಿಯ ಹೆಂಗಸು ಕಾರಣವಿಲ್ಲದೆ ಒಂದು ಡಬ್ಬಿ ಕಿಮ್ಚಿ ತಂದುಕೊಟ್ಟಿದ್ದರು. “ತಿನ್ನಿ ಯಜಮಾನ್ರೇ, ಮೈ ನೋಡ್ಕೊಳಿ. ಕೆಲವು ಸಲ ಮನೆಗೆ ಬೇಗ ಹೋಗೋದು ಒಳ್ಳೇದು. ಕೆಲವು ಸಲ ಲೇಟಾಗಿ ಹೋಗೋದೂ ಒಳ್ಳೇದು.” ಕಾವಲುಗಾರ ಭುಜ ತಟ್ಟಿದ್ದ. ಎಲ್ಲದರ ಅರ್ಥ ಈಗ ಒಟ್ಟಿಗೆ ಆಯಿತು.

ತಾವು ಹೋದ ಮೇಲೆ ಅರ್ಜಿದಾರನು ಇಸ್ತ್ರಿ ಪೆಟ್ಟಿಗೆ ಹಿಡಿದು ಹಾಗೇ ನಿಂತ. ಅವಳು ಈ ಮನುಷ್ಯನ ಹತ್ತಿರ ಮಾತಾಡುತ್ತಾಳೆಯೇ ಎಂಬುದು ಅವನಿಗೆ ಹೊಳೆದ ಮೊದಲ ಪ್ರಶ್ನೆ. ಮಾತಾಡುತ್ತಾಳೆಂದರೆ, ತನ್ನ ಹತ್ತಿರ ಯಾಕಿಲ್ಲ ಎಂಬುದು ಎರಡನೆಯದು. ಮೂರನೆಯದು ಬರುವ ಮೊದಲು ವಾಸನೆ ಬಂತು. ತಮ್ಮ ಬೂದುಬಣ್ಣದ ಪ್ಯಾಂಟಿನ ಮೊಣಕಾಲಿನ ಮೇಲೆ ಇಂದಿಗೂ ಕಾಣುವ ಹೊಳಪು ಆ ದಿನದ್ದು. ಅದು ತಮ್ಮದೇ ಮಾತಿನ ಫಲವಾದ್ದರಿಂದ ಅಂಗಡಿಯು ಪರಿಹಾರ ನೀಡಲು ಬದ್ಧವಾಗಿಲ್ಲ.

9. ಅರ್ಜಿದಾರನು ಅಂಗಡಿಗೆ ಬೀಗ ಹಾಕಿದ. ಲಿಫ್ಟಿನಲ್ಲಿ ಯಾರ ಕಣ್ಣಿಗೂ ಬೀಳುವುದು ಬೇಡವೆಂದು ಮೆಟ್ಟಿಲು ಹತ್ತಿದ. ಎಂಟನೇ ಮಹಡಿ ದಾಟುವಾಗ, 804ನೇ ಮನೆಯ ಮೇಂಗ್ ಅಜ್ಜಿ ಮೆಟ್ಟಿಲ ಮೇಲೆ ದಿಂಬು ಹಾಕಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಅಜ್ಜಿಗೆ ಕಿವಿ ಮಂದ. ಅವರ ಮಡಕೆಯ ಮುಚ್ಚಳ ಕುಣಿದದ್ದೇ ತಮ್ಮ ಮೊದಲ ನೋಟೀಸಿಗೆ ಮೂಲ. ಅರ್ಜಿದಾರನನ್ನು ಕಂಡದ್ದೇ ಅಜ್ಜಿ ಬೆಚ್ಚಿದರು.

“ಅಯ್ಯೋ! ಈಗ್ಯಾಕೆ ಬಂದೆ? ಅಂಗಡಿ ಇಲ್ವಾ?”

“ಅಜ್ಜಿ, ಇಲ್ಲೇನು ಮಾಡ್ತಿದೀರಿ?” ಎಂದು ಅರ್ಜಿದಾರ ಅವರ ಕಿವಿಯ ಹತ್ತಿರ ಕೂಗಿದ.

“ಬೆಳ್ಳುಳ್ಳಿ ಕಾಣಲ್ವಾ? ಕೂಗ್ಬೇಡ. ಈಗಷ್ಟೇ ಶುರುವಾಗಿದೆ.” ಅಜ್ಜಿ ಅವನ ಪ್ಯಾಂಟು ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡರು. “ನೋಡಪ್ಪಾ, ಹೊಡೆದಾಟ ಬೇಡ. ಅವನು ಕೆಟ್ಟವನಲ್ಲ. ದನಿ ಕೇಳಿದ್ರೇ ತಿಳಿಯುತ್ತೆ, ಏನೋ ದೊಡ್ಡ ಕಷ್ಟ ದಾಟಿ ಬಂದಿರೋ ಮನುಷ್ಯ. ಮಕ್ಕಳ ಮಾತು, ಸೊಸೆ ಮಾತು, ಆ ಗೋಡೆ ಡಬ್ಬಿ ಮಾತು, ಯಾವ್ದೂ ಕೇಳಲ್ಲ ನಂಗೆ. ಎಲ್ಲಾ ಕೀಚು ಕೀಚು. ಇವನದ್ದು ಮಾತ್ರ ಒಂದೊಂದು ಅಕ್ಷರಾನೂ ಕೇಳುತ್ತೆ.”

“ಯಾರಜ್ಜಿ ಅವನು?” ಎಂದು ಅವರ ಕಿವಿಗೇ ಬಾಯಿಟ್ಟು ಕೇಳಿದ.

“ನಂಗೇನು ಗೊತ್ತು? ನಿನ್ನ ಹೆಂಡ್ತಿ ಪರಿಚಯ ಮಾಡಿಸಿಲ್ಲ.”

ಅರ್ಜಿದಾರನು ಕಿವಿಗೊಟ್ಟ. ಮೇಲಿನ ಬಾಗಿಲಿನ ಹಿಂದೆ ಗಿಟಾರಿನ ಅತಿ ದಪ್ಪ ತಂತಿಯೊಂದನ್ನೇ ಯಾರೋ ಬಿಟ್ಟು ಬಿಟ್ಟು ಮೀಟುತ್ತಿದ್ದರು, ತಂಬೂರಿ ಮೀಟಿದ ಹಾಗೆ. ಅದರ ಮೇಲೆ ಒಂದು ದನಿ ನಿಧಾನವಾಗಿ ನಡೆಯುತ್ತಿತ್ತು. ಒರಟಾದ, ತಗ್ಗಾದ, ಅಂಚು ಸವೆದ ದನಿ. ಹಾಡು ‘ಕಪ್ಪು ಜಾಡಿ’ಯ ಮೊದಮೊದಲ ಹಾಡು, ಹಿಂದೆ ಲೋಟದ ಬಾಯಿ ಮುಚ್ಚಿಸುತ್ತಿದ್ದ ಹಾಡು. ಅದನ್ನು ಇನ್ಯಾರಾದರೂ ಕಲಿತಿರಬಹುದಿತ್ತು. ಆದರೆ ಎರಡನೇ ಸಾಲಿನಲ್ಲಿ, ಪದದ ನಟ್ಟನಡುವೆ, ಯಾರೂ ಉಸಿರು ತೆಗೆದುಕೊಳ್ಳಬಾರದ ಜಾಗದಲ್ಲಿ ಆ ದನಿ ಉಸಿರು ತೆಗೆದುಕೊಂಡಿತು. ಆ ತಪ್ಪಿಗಾಗಿ ಅರ್ಜಿದಾರನು ಅವಳೊಂದಿಗೆ ಮದುವೆಗೆ ಮುಂಚಿನಿಂದ ಜಗಳ ಆಡುತ್ತ ಬಂದಿದ್ದ.

ಅವನು ಮುಖ ತಗ್ಗಿಸಿದ. ಅಜ್ಜಿ ತಪ್ಪು ತಿಳಿದು ಅವನ ಬೆನ್ನು ಸವರಿದರು. “ಅಳು, ಅಳು. ಗಂಡಸ್ರೂ ಅಳ್ಬಹುದು. ಬೆಳ್ಳುಳ್ಳಿ ಬಿಡಿಸ್ತೀಯಾ?”

ಬಿಡಿಸಿದ.

10. ಹಾಡು ಮುಗಿದ ಮೇಲೆ ಅರ್ಜಿದಾರನು ಬಾಗಿಲು ತೆರೆದ. ಹೇರಿಮ್ ಗಿಟಾರನ್ನು ಗೋಡೆಗೆ ಒರಗಿಸುವುದರಲ್ಲಿದ್ದಳು.

“ಎಷ್ಟು ಹೊತ್ತಾಯ್ತು ಬಂದು?”

“ಈಗ ಬಂದೆ.”

“ಸುಳ್ಳು. ಬೆಳ್ಳುಳ್ಳಿ ವಾಸನೆ ಬರ್ತಿದೆ.” ಅವಳು ಬಗ್ಗಿ ದಪ್ಪ ತಂತಿಯನ್ನು ಇನ್ನೊಮ್ಮೆ ಮೀಟಿದಳು. ಆಮೇಲೆ, “ಇದು ಸರಿಯಿಲ್ಲ. ಇನ್ನೂ ಇಳಿಸ್ಬೇಕು,” ಎಂದಳು.

“ಏನು?”

“ಶ್ರುತಿ. ನೀನು ನಿನ್ನ ಅಂದಾಜಿಗೆ ಒಂದು ಕಡೆ ನಿಲ್ಲಿಸ್ಬಿಟ್ಟಿದೀಯ, ಇವಳ ದನಿಗೆ ಇಷ್ಟೇ ತಳ ಅಂತ. ಇಷ್ಟೇ ಅಲ್ಲ. ಕೆಳಗೆ ಇನ್ನೂ ಜಾಗ ಇದೆ. ನಾನೇ ನೋಡ್ಕೊಂಡು ಬಂದೆ, ನೀನಿಲ್ಲದಾಗ. ಅಲ್ಲಿಗೆ ಹೋದ್ರೆ ದನಿ ಒಡೆಯಲ್ಲ.”

“ಕನಿಕರ ಬೇಡ ಅಂದಿದ್ದೆ?”

“ಇದು ಕನಿಕರ ಅಲ್ಲ, ರಿಪೇರಿ. ಮಾಡ್ತೀಯೋ ಇಲ್ವೋ?”

ಅಷ್ಟರಲ್ಲಿ ಹೊರಗಿಂದ ಅಜ್ಜಿ ಕೇಳಿದರು, “ಹೊಡೆದಾಟ ಮುಗೀತಾ?” ಹೇರಿಮ್ ಬಾಗಿಲಿಗೆ ಹೋಗಿ, “ಒಳಗೆ ಬನ್ನಿ ಅಜ್ಜಿ,” ಎಂದಳು. ಅಜ್ಜಿ ಅವಳ ಭುಜದಾಚೆ ಇಣುಕಿ ಹಾಡಿದವನನ್ನು ಹುಡುಕಿದರು. ಸ್ನಾನದ ಮನೆಯ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಹೇರಿಮ್‌ಳ ಬಾಯಿಯನ್ನೇ ನೋಡಿದರು.

“ನೀನೇನಾ ಹಾಡಿದ್ದು?”

“ಹೂಂ ಅಜ್ಜಿ.”

“ಛೇ! ಮೊದಲೇ ಹೇಳ್ಬಾರ್ದಾ? ನಾನು ದಿನಾ ಲಿಪ್‌ಸ್ಟಿಕ್ ಹಚ್ಕೊಂಡು ಬಂದು ಕೂತ್ಕೋತಿದ್ದೆ.”

ಹೇರಿಮ್ ನಕ್ಕಳು. ಆ ನಗೆಗೆ ಕಿಟಕಿಯ ಗಾಜು ಅಲುಗಿತು. ಶಸ್ತ್ರಚಿಕಿತ್ಸೆಯ ನಂತರ ಅರ್ಜಿದಾರನು ಅವಳ ಹೊಸ ದನಿಯ ನಗೆ ಕೇಳಿದ್ದು ಇದೇ ಮೊದಲು.

11. ಅವಳು ತೋರಿಸಿದ ಆಳಕ್ಕೆ ಇಳಿಯಲು ಹಳೆಯ ಗಿಟಾರಿನಿಂದ ಸಾಧ್ಯವಿರಲಿಲ್ಲ. ತಂತಿ ದಪ್ಪವಾದರೆ ಸಾಲದು, ಉದ್ದವೂ ಆಗಬೇಕು. ಕಾರಣ, ಹೊಸದಾಗಿ ಉದ್ದನೆಯ ಕತ್ತು ಬೇಕಾಯಿತು. ಕಾರ್ಖಾನೆ ಮುಚ್ಚಿದಾಗ ಕೆಲಸಗಾರರು ಎತ್ತಿಕೊಂಡು ಬಂದ ಮರದ ತುಂಡೊಂದು ಅರ್ಜಿದಾರನ ಅಂಗಡಿಯ ಅಟ್ಟದಲ್ಲಿತ್ತು. ಒಗೆದು ನೇತುಹಾಕಿದ ಕೋಟುಗಳ ನಡುವೆ ಕುಳಿತು ಅದನ್ನು ಕೆತ್ತಿದ, ಮೆಟ್ಟುಗಳ ಅಂತರ ಹೊಸದಾಗಿ ಲೆಕ್ಕ ಹಾಕಿ ಕೂರಿಸಿದ, ಹಳೆಯ ಅಭ್ಯಾಸದಂತೆ ಕತ್ತಿನ ಬೆನ್ನು ಉಜ್ಜಿದ. ಆ ವಾರ ಬಟ್ಟೆ ಒಯ್ದ ಹಲವರು ಜೇಬಿನಲ್ಲಿ ಮರದ ಪುಡಿ ಸಿಕ್ಕಿತೆಂದರು. ಅವರಲ್ಲಿ ತಾವೂ ಒಬ್ಬರು. ಪರಿಮಳ ಚೆನ್ನಾಗಿತ್ತು ಎಂದು ತಾವು ಮಾತ್ರ ಹೇಳಲಿಲ್ಲ.

ದೋಂಗ್‌ಹೂನ್ ಅಭ್ಯಾಸಕ್ಕೆ ಬಂದ. ಹೇರಿಮ್ ಒಂದು ಹಾಡು ಮುಗಿಸಿದಳು. ಅವನು ಕೋಲು ಎತ್ತಲೇ ಇಲ್ಲ.

“ಏನೋ, ಚೆನ್ನಾಗಿಲ್ವಾ?” ಎಂದಳು ಅವಳು.

“ಅತ್ತಿಗೆ, ಹತ್ತು ನಿಮಿಷ ಕೊಡಿ,” ಎಂದವನೇ ಡ್ರಮ್ಮಿನ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಲು ಕುಳಿತ. ತಲೆ ಮೇಲೆತ್ತಲಿಲ್ಲ. ಮುಖ ತೋರಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

12. ಕಚೇರಿ ಕಳೆದ ಶನಿವಾರ ಆಯಿತು. ನೆಲಮಾಳಿಗೆಯಲ್ಲಿ ಹಳೆಯ ಮುಖಗಳೇ ಹೆಚ್ಚು; ಅವಳ ಕಿರುಚಾಟಕ್ಕಾಗಿ ಕಾದು ಬಂದವರು. ಮೇಂಗ್ ಅಜ್ಜಿ ಎದುರು ಸಾಲಿನಲ್ಲಿ, ಪೆಟ್ಟಿಗೆಯೊಂದರ ಮೇಲೆ. ಗಿಟಾರಿನ ಮೊದಲ ಮೀಟಿಗೆ ಲೋಟದ ಬಿಯರ್ ಮೇಲೆ ಸುತ್ತು ಸುತ್ತು ಅಲೆಗಳೆದ್ದವು. ಆಮೇಲೆ ಅವಳು ಬಾಯಿ ತೆರೆದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಹಾಡು ಮುಗಿದಾಗ ಚಪ್ಪಾಳೆ ಇಲ್ಲ. ಹಿಂದಿನಿಂದ ಯಾವನೋ ಕೂಗಿದ, “ನಮ್ಮ ಹಳೇ ಹಾಡುಗಾರ್ತಿ ಎಲ್ಲಿ?”

ಅರ್ಜಿದಾರನು ಅಂಗೈಯಿಂದ ತಂತಿ ಅದುಮಿ ನಾದ ನಿಲ್ಲಿಸಿದ. ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಮೇಲೆ ಹುಡುಕ್ತಿದೀಯಾ? ಅಲ್ಲಿಲ್ಲ. ಕೆಳಗಿಳಿದು ಬಾ, ತೋರಿಸ್ತೀನಿ.”

ಮಾತು ಬರುವಾಗಲೇ ನೆಲ ನಡುಗಿತು. ಮೊದಲು ನಕ್ಕವರು ಅಜ್ಜಿ. ಆಮೇಲೆ ಎಲ್ಲರೂ. ಎರಡನೆಯದು ಆ ಮೊದಮೊದಲ ಹಾಡೇ; ಅದಕ್ಕೆ ಯಾರೂ ಲೋಟದ ಬಾಯಿ ಮುಚ್ಚಲಿಲ್ಲ. ಲೋಟವನ್ನೇ ಕೆಳಗಿಟ್ಟು ನಿಂತರು. ಅವಳು ಎರಡನೇ ಸಾಲಿನ ನಡುವೆ ಉಸಿರು ತೆಗೆದುಕೊಂಡಳು. ಅರ್ಜಿದಾರನು ಮೊದಲ ಬಾರಿಗೆ ಆ ಜಾಗದಲ್ಲಿ ಅವಳಿಗಾಗಿ ಗಿಟಾರು ನಿಲ್ಲಿಸಿ ಕಾದ.

13. ಗಿಟಾರು ಹೊತ್ತು ಮನೆಗೆ ಮರಳಿದಾಗ ಬಾಗಿಲಿಗೆ ತಮ್ಮ ಎರಡನೇ ನೋಟೀಸು ಅಂಟಿತ್ತು. ಅದರ ಒಕ್ಕಣೆ ಈ ಪ್ರಕಾರ: “904ನೇ ಮನೆಯಲ್ಲಿ ನೋಂದಣಿಯಾಗದ ಗಂಡಸೊಬ್ಬ ವಾಸವಿರುವುದು ಸಂಘದ ಗಮನಕ್ಕೆ ಬಂದಿರುತ್ತದೆ. ಸದರಿ ಗಂಡಸಿನ ಹೆಸರು ಹಾಗೂ ಆತನಿಗೂ ನಿವಾಸಿಗೂ ಇರುವ ಸಂಬಂಧವನ್ನು ತಿಳಿಸತಕ್ಕದ್ದು. ತಪ್ಪಿದಲ್ಲಿ ಆತನನ್ನು ತೆರವುಗೊಳಿಸತಕ್ಕದ್ದು.”

ಹೇರಿಮ್ ಅದನ್ನು ಗಟ್ಟಿಯಾಗಿ ಓದಿದಳು. ಅಷ್ಟು ತಗ್ಗಿನ ದನಿಯಲ್ಲಿ ಓದಿದಾಗ ಅದು ಬಹಳ ಘನವಾಗಿ ಕೇಳಿಸಿತು. ಸಂಘದ ಬರವಣಿಗೆಗೆ ಇಂಥ ದನಿ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ಆದ್ದರಿಂದ ಮಾನ್ಯರಲ್ಲಿ ಅರ್ಜಿದಾರನು ಪ್ರಾರ್ಥಿಸುವುದೇನೆಂದರೆ:

ಶ್ರುತಿ ಇಳಿಸಿದ್ದು ನಿಜ. ಮತ್ತೆ ಏರಿಸುವ ಉದ್ದೇಶವಿಲ್ಲ, ಏರಿಸಿದರೆ ಹೊಸ ತಂತಿಗಳ ಎಳೆತಕ್ಕೆ ಕತ್ತು ಮುರಿಯುತ್ತದೆ. ಗಿಟಾರಿನದ್ದು ಎಂದು ತಿಳಿಯಬೇಕು. ಕಂಪನ ತಗ್ಗಿಸಲು ಸ್ಪೀಕರಿನ ಕೆಳಗೆ ವಾರಸುದಾರರು ಅಂಗಡಿಯಿಂದ ಒಯ್ಯದೆ ಬಿಟ್ಟ ನಾಲ್ಕು ರಜಾಯಿಗಳನ್ನು ಹಾಸಲಾಗಿದೆ. ನುಡಿಸುವುದು ಹಗಲು ಮಾತ್ರ. ಇನ್ನು ಸದರಿ ಗಂಡಸಿನ ವಿಷಯ: ಅರ್ಜಿದಾರನು ಅವನನ್ನು ಈ ಮನೆಗೆ ಮದುವೆಯಾಗಿ ಕರೆತಂದಿದ್ದು, ಸಂಘದ ದಾಖಲೆಯಲ್ಲಿ ಅವನ ಹೆಸರು ‘ಹೆಂಡತಿ’ ಎಂಬ ಕಾಲಮಿನಲ್ಲಿ ಈಗಾಗಲೇ ಇದೆ. ಅವನನ್ನು ತೆರವುಗೊಳಿಸಲು ಅರ್ಜಿದಾರನು ಸಿದ್ಧನಿಲ್ಲ. ಪ್ರಯತ್ನಿಸುವುದಿದ್ದರೆ ತಾವೇ ಖುದ್ದಾಗಿ ಬಂದು ಅವನಿಗೆ ಹೇಳಬಹುದು. ಹೇಳುವಾಗ ಹಲ್ಲಿನ ಬಗ್ಗೆ ಎಚ್ಚರ ವಹಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ತಮ್ಮ ಪ್ಯಾಂಟಿನ ಹಿತಚಿಂತಕ,
ಪ್ಯೋ ಸಾಂಗ್‌ದೋ (ಸಹಿ ಮತ್ತು ಮುದ್ರೆ)

ಲಗತ್ತುಗಳು:
1. ಅರದಿಂದ ಉಜ್ಜುವಾಗ ಹಾಳಾದ ಎಲುಬಿನ ಪಟ್ಟಿ, ಒಂದು.
2. 804ನೇ ಮನೆಯ ಮೇಂಗ್ ಅಜ್ಜಿಯವರ ಹೇಳಿಕೆ: “ಮುಚ್ಚಳ ಕುಣಿದ್ರೆ ಕುಣೀಲಿ, ಅದಕ್ಕೂ ವಯಸ್ಸಾಗಿದೆ. ದೂರು ವಾಪಸ್.”
3. ವಿಚಾರಣೆಗೊಳಪಟ್ಟ ಅಪರಿಚಿತ ಗಂಡಸಿನ ಸಹಿ ಹಾಗೂ ಅವನದೇ ಕೈಬರಹದ ಕೋರಿಕೆ, ಈ ಕೆಳಗೆ:

“ಅಧ್ಯಕ್ಷರೇ, ಸ್ಥಳ ಪರಿಶೀಲನೆಗೆ ಬರುವುದಿದ್ದರೆ ದಯವಿಟ್ಟು ಮಧ್ಯಾಹ್ನವೇ ಬನ್ನಿ. ಆ ಹೊತ್ತಿಗೆ ನನ್ನ ಗಂಡ ಮನೆಯಲ್ಲಿರುವುದಿಲ್ಲ.
ಯೊಮ್ ಹೇರಿಮ್.”